ಜೇನಿನ ಡಬ್ಬಿಯಲ್ಲಿ ದೋಣಿಗಾರ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಚೀಟಿ. ಹೆಬ್ಬೆರಳಗಲದ ಚೀಟಿ. ಅದನ್ನು ವೆಂಡೆಲ್ ಬ್ರಾಟನ್ ತನ್ನ ಕೈಯಾರೆ, ಅದೂ ಬಲು ಅಚ್ಚುಕಟ್ಟಾಗಿ, ಅಂಟಿಸಿದ್ದ.

ಹೆರಾನ್ ಫಾಲ್ಸ್ ಊರಿನ ಲೈಬ್ರರಿಗೆ ಆ ಚಳಿಗಾಲ ಆಡಿಯೋ ಪುಸ್ತಕದ ಪ್ಲೇಯರ್‌ಗಳು ಬಂದಿದ್ದವು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು. ಕತೆಯ ರಾಕ್ಷಸನ ಜೀವ ಗಿಳಿಯೊಳಗೆ ಅಡಗಿರುವ ಹಾಗೆ ಒಂದೊಂದರ ಹೊಟ್ಟೆಯಲ್ಲೂ ಒಂದೇ ಒಂದು ಪುಸ್ತಕ. ಅದನ್ನು ತೆಗೆಯುವ ಹಾಗಿಲ್ಲ, ಇನ್ನೊಂದನ್ನು ತುಂಬುವ ಹಾಗಿಲ್ಲ. ಸೆಲ್ ಹಾಕಿ, ಇಯರ್‌ಫೋನ್ ಚುಚ್ಚಿ, ಗುಂಡಿ ಒತ್ತಿದರೆ ಯಾರೋ ಪುಣ್ಯಾತ್ಮರು ಕಿವಿಯಲ್ಲಿ ಓದತೊಡಗುತ್ತಾರೆ. ಎಲ್ಲಿ ನಿಲ್ಲಿಸಿದರೋ ಮುಂದಿನ ಸಲ ಅಲ್ಲಿಂದಲೇ ಶುರು.

ಇವುಗಳಿಗೆ ನಂಬರು ಕೊಟ್ಟು, ಡಬ್ಬಿಗೊಂದು ಪ್ಲೇಯರಿಗೊಂದು ಚೀಟಿ ಅಂಟಿಸಿ, ಹೋದದ್ದು ಬಂದದ್ದು ನೋಡಿಕೊಳ್ಳಲು ವೆಂಡೆಲ್‌ನನ್ನು ಅರ್ಧ ದಿನದ ಕೆಲಸಕ್ಕೆ ತೆಗೆದುಕೊಂಡಿದ್ದರು. ಪ್ಲೇಯರ್ ಇದ್ದರೆ ವೆಂಡೆಲ್, ಇಲ್ಲದಿದ್ದರೆ ಇಲ್ಲ. ಅವನ್ನು ಇಟ್ಟುಕೊಳ್ಳುವುದೋ, ಕಂಪನಿಗೆ ವಾಪಸು ಕಳಿಸುವುದೋ ಎಂದು ಲೈಬ್ರರಿ ಸಮಿತಿ ಆ ದಿನ ಸಂಜೆಯೇ ಕೈ ಎತ್ತಿ ಮತ ಹಾಕುವುದಿತ್ತು.

ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಲಾರಿ ಡ್ರೈವರನೊಬ್ಬ ಬಂದು 'ದೋಣಿಮನೆಯ ವಿಧವೆ' ಎಂದು ಬರೆದಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಕೊಲೆ ಕತೆ ಅಂತ ಡಕೋಟಾ ರಾಜ್ಯ ದಾಟುವವರೆಗೂ ಕಾದೆ, ರಾಣಿ ಜೇನುಹುಳ ಮೊಟ್ಟೆ ಇಟ್ಟದ್ದು ಬಿಟ್ಟರೆ ಅಲ್ಲಿ ಮತ್ತೇನೂ ನಡೆಯಲಿಲ್ಲ ಎಂದ.

ವೆಂಡೆಲ್‌ಗೆ ತಕ್ಷಣ ಅರ್ಥವಾಯಿತು. ತನ್ನ ತಪ್ಪುಗಳನ್ನು ಗುರುತಿಸುವುದರಲ್ಲಿ ಅವನು ಯಾವತ್ತೂ ಚುರುಕು. ಆಗುವ ಮೊದಲು ಮಾತ್ರ ಗುರುತಿಸಲಾರ. ಕಂಪನಿಯವರು ಪ್ಲೇಯರಿನ ಮೇಲೆ ಅಚ್ಚು ಹಾಕಿದ್ದ ಪುಸ್ತಕದ ಹೆಸರು ಚೆಂದವಿಲ್ಲವೆಂದು ಅದನ್ನು ಪೂರ್ತಿ ಮುಚ್ಚಿ ಲೈಬ್ರರಿಯ ಚೀಟಿ ಅಂಟಿಸಿದ್ದು ಅವನದೇ ಜಾಣತನ. ಅಂಟಿಸುವಾಗ ಕಣ್ಣು ಕಿಟಕಿಯಾಚೆ ಕೆರೆಯ ಮೇಲಿನ ಹಿಮದಲ್ಲಿತ್ತು. ವಿಧವೆಯ ಕತೆಯದ್ದೂ ಜೇನು ಸಾಕಣೆ ಪುಸ್ತಕದ್ದೂ, ಎರಡು ಚೀಟಿ ಅದಲುಬದಲಾಗಿದ್ದವು.

"ಹಂಗಾದ್ರೆ ಜೇನು ಸಾಕಣೆ ಡಬ್ಬಿಯೊಳಗೆ ಆ ಕೊಲೆ ಕತೆಯ ದೋಣಿಗಾರ ಕೂತಿದಾನೆ," ಎಂದಳು ಲೈಬ್ರರಿಯ ಮುಖ್ಯಸ್ಥೆ ಜೋಲೀನ್. "ಅದನ್ನ ಯಾರು ತಗೊಂಡೋಗಿದಾರೆ ನೋಡು."

ಕಂಪ್ಯೂಟರಿನಲ್ಲಿ ಬಂದ ಹೆಸರು ಆರ್ಡಿಸ್ ಹೌಗನ್. ಸಮಿತಿಯ ಅಧ್ಯಕ್ಷೆ. ಊರಿಗೆಲ್ಲ ಗಣಿತ ಕಲಿಸಿ ನಿವೃತ್ತರಾದವರು; ವೆಂಡೆಲ್‌ಗೆ ಈಗಲೂ ಅವರ ಮುಂದೆ ನಿಂತರೆ ಮಗ್ಗಿ ಮರೆತುಹೋಗುತ್ತಿತ್ತು. ತೀರಿಕೊಂಡ ಗಂಡನ ಜೇನುಪೆಟ್ಟಿಗೆಗಳನ್ನು ಈ ವಸಂತದಲ್ಲಿ ತಾವೇ ನೋಡಿಕೊಳ್ಳಬೇಕೆಂದು ಆ ಪುಸ್ತಕ ಆರಿಸಿಕೊಂಡಿದ್ದರು. ಈ ಆಟದ ಸಾಮಾನನ್ನು ಒಂದು ಸಲ ಕೇಳಿ ನೋಡದೆ ಕೈ ಎತ್ತುವುದಿಲ್ಲ ಎಂದೂ ಹೇಳಿದ್ದರು.

"ಸಂಜೆ ಒಳಗೆ ಬದಲಾಯ್ಸ್ಕೊಂಡು ಬಾ," ಎಂದಳು ಜೋಲೀನ್. "ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ."

ವೆಂಡೆಲ್ ಜೇನಿನ ಪ್ಲೇಯರಿಗೆ ಈ ಸಲ ಸರಿಯಾದ ಚೀಟಿ ಅಂಟಿಸಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟ. ಅದು ಗುರುವಾರ. ಆರ್ಡಿಸ್ ಸಿಗುವುದು ಚರ್ಚಿನ ನೆಲಮಾಳಿಗೆಯಲ್ಲಿ, ಕೌದಿ ಹೊಲಿಯುವ ಹೆಂಗಸರ ನಡುವೆ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಸೂಜಿ, ಮುಖದಲ್ಲಿ ಅವನು ಶಾಲೆಯಲ್ಲಿ ಎಂದೂ ಕಾಣದ ಒಂದು ಕೆಂಪು. ದೋಣಿಗಾರ ಎಲ್ಲಿಯವರೆಗೆ ಬಂದಿರಬಹುದೆಂದು ಯೋಚಿಸಿ ವೆಂಡೆಲ್‌ನ ಮುಖವೂ ಕೆಂಪಾಯಿತು.

ಚಳಿಗೆ ಒಳಗೆ ಬಂದೆ ಎಂದು ಸುಳ್ಳು ಹೇಳಿದ. ಆ ನೆಲಮಾಳಿಗೆಯಲ್ಲಿ ಸುಮ್ಮನೆ ಕೂರುವವರಿಗೆ ಜಾಗವಿಲ್ಲ. ಅವನ ಕೈಗೆ ಸೂಜಿಗಳ ಡಬ್ಬಿ ಬಂತು, ದಾರ ಪೋಣಿಸುವ ಕೆಲಸ ಬಂತು, ಜತೆಗೆ ಪ್ರಶ್ನೆಗಳೂ ಬಂದವು. ಇನ್ನೂ ಅಮ್ಮನ ಮನೆಯಲ್ಲೇ ಇದ್ದೀಯಾ? ಅರ್ಧ ದಿನದ ಕೆಲಸ ಅಂದರೆ ಅರ್ಧ ಹೊಟ್ಟೆಗೆ ತಾನೆ?

"ಹುಡುಗಿ ಸಿಕ್ಕಳಾ?" ಎಂದಳು ಒಬ್ಬಳು.

"ಸೂಜಿಗೇ ದಾರ ಸಿಕ್ತಿಲ್ಲ, ಪಾಪ, ಬಿಡು," ಎಂದಳು ಪಕ್ಕದವಳು.

ಮಧ್ಯಾಹ್ನ ಹಾಟ್‌ಡಿಶ್ ಎನ್ನುವ ಆಲೂಗಡ್ಡೆಯ ಬಿಸಿ ಅಡುಗೆ ಒಲೆಯಿಂದ ಇಳಿಯಿತು. ಆರ್ಡಿಸ್ ಪ್ಲೇಯರನ್ನು ಕತ್ತರಿಯ ಬುಟ್ಟಿಯಲ್ಲಿಟ್ಟು ಊಟಕ್ಕೆ ಬಂದರು. ಎಲ್ಲರೂ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಊರಿನ ಅಷ್ಟೂ ಹದ್ದಿನ ಕಣ್ಣುಗಳು ಒಟ್ಟಿಗೆ ಮುಚ್ಚುವುದು ಆ ಒಂದು ಗಳಿಗೆಯಲ್ಲಿ ಮಾತ್ರ. ವೆಂಡೆಲ್‌ನ ಕೈ ಬುಟ್ಟಿಗೆ ಹೋಯಿತು, ಇಯರ್‌ಫೋನಿನ ತಂತಿ ಇದರಿಂದ ಅದಕ್ಕೆ ಬದಲಾಯಿತು, ಕೈ ಜೇಬಿಗೆ ಮರಳಿತು. ಆಮೆನ್ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನೇ.

ಅಲ್ಲಿಗೆ ಮನೆಗೆ ಹೋಗಿ ಮಲಗಿದ್ದರೆ ಈ ಕತೆಯೂ ಮಲಗುತ್ತಿತ್ತು. ಆದರೆ ವೆಂಡೆಲ್ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಸರಿಯಾದದ್ದೇ ತಂದೆನೋ ಇಲ್ಲವೋ ಎಂದು ಖಾತ್ರಿಗಾಗಿ ಗುಂಡಿ ಒತ್ತಿದ. ಆರ್ಡಿಸ್ ಬಿಟ್ಟ ಜಾಗದಿಂದಲೇ ಕತೆ ಎದ್ದಿತು: ಒದ್ದೆ ಹುಟ್ಟು ಹಿಡಿದ ದೋಣಿಗಾರ ವಿಧವೆಯ ಬಾಗಿಲು ತಟ್ಟುತ್ತಿದ್ದ. ಅವಳು ತೆಗೆಯುತ್ತಾಳೋ ಇಲ್ಲವೋ, ಅಷ್ಟು ಕೇಳಿ ನಿಲ್ಲಿಸೋಣವೆಂದುಕೊಂಡ. ಅವಳು ತೆಗೆದಳು. ಆಮೇಲೆ ಹೇಗೆ ನಿಲ್ಲಿಸುವುದು? ಓದುವ ವೇಗ ಹೆಚ್ಚಿಸಿಕೊಂಡು, ಸೀಟಿನಲ್ಲಿ ಮುದುಡಿ, ಕೊನೆಯ ಸಾಲು ಬರುವವರೆಗೂ ಕೇಳಿದ. ಕೊನೆಯ ಸಾಲು ನಿಜಕ್ಕೂ ಮೈ ಜುಮ್ಮೆನಿಸುವಂಥದ್ದು. ಅದನ್ನು ಇನ್ನೊಮ್ಮೆ ಹಿಂದೆ ಸರಿಸಿ, ಕೇಳಬೇಕು ಅನ್ನುವಷ್ಟರಲ್ಲಿ ಗಡಿಯಾರ ನೋಡಿ, ನಿಲ್ಲಿಸಿ, ಸಭೆಗೆ ಓಡಿದ.

ಸಭೆಯಲ್ಲಿ ಆರ್ಡಿಸ್ ಎದ್ದು ನಿಂತರು. ಜೇನಿನ ಪುಸ್ತಕ ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿರಲಿಲ್ಲವಂತೆ. ಒಬ್ಬ ವಿಧವೆ, ಒಬ್ಬ ದೋಣಿಗಾರ. ಹುಳ ಮಾತ್ರ ಬಂದಿರಲಿಲ್ಲ. ಒಳ್ಳೆಯ ಲೇಖಕರು ನಿಧಾನವಾಗಿ ವಿಷಯಕ್ಕೆ ಬರುತ್ತಾರೆಂದು ತಾಳ್ಮೆಯಿಂದ ಕಾದರಂತೆ.

"ಇವತ್ತು ಊಟ ಆದ್ಮೇಲೆ ಕೊನೆಗೂ ಹುಳ ಬಂತು," ಎಂದರು. "ಆದ್ರೆ ದೋಣಿಯವನು ಹೋಗೇಬಿಟ್ಟ. ಬಾಗ್ಲು ತಟ್ಟಿದವನು ಒಳಗೆ ಬಂದನೋ ಇಲ್ವೋ, ಒಂದು ಮಾತಿಲ್ಲ. ಈ ಯಂತ್ರಗಳು ಕೆಟ್ಟಿವೆ. ಎಲ್ಲಾ ವಾಪಸು ಕಳಿಸ್ಬೇಕು."

ಸದಸ್ಯರು ತಲೆಯಾಡಿಸಿದರು. ಕೈಗಳು ಮೇಲೇಳುವ ಮೊದಲೇ ವೆಂಡೆಲ್ ಎದ್ದ.

"ಯಂತ್ರದ್ದಲ್ಲ ಮಿಸೆಸ್ ಹೌಗನ್, ತಪ್ಪು ನಂದು. ದೋಣಿಯವನು ನನ್ನ ಜೇಬಲ್ಲಿದಾನೆ."

ಚೀಟಿಯಿಂದ ಆಮೆನ್‌ವರೆಗೆ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಆರ್ಡಿಸ್ ನಕ್ಕರು. ಅವರ ಹಲ್ಲನ್ನು ಊರು ಕಂಡದ್ದು ಅಪರೂಪ. ಒಪ್ಪಿಕೊಂಡವನನ್ನು ಕ್ಷಮಿಸಬೇಕು, ಪ್ಲೇಯರ್‌ಗಳೂ ಇರಲಿ, ಹುಡುಗನೂ ಇರಲಿ ಎಂದರು. ವೆಂಡೆಲ್‌ನ ಎದೆಯ ಮೇಲಿಂದ ಚರ್ಚೇ ಇಳಿದಂತಾಯಿತು.

"ಕೊಡಿಲ್ಲಿ, ಬಾಗ್ಲು ತೆಗೆದಳಾ ನೋಡೋಣ," ಎಂದು ಅವರು ಇಯರ್‌ಫೋನ್ ಸಿಕ್ಕಿಸಿ, ಗುಂಡಿ ಒತ್ತಿದರು.

ಆಗ ವೆಂಡೆಲ್‌ಗೆ ಹೊಳೆಯಿತು. ಕೈ ಚಾಚಿದ, ತಡವಾಗಿತ್ತು. ಯಂತ್ರ ತನ್ನ ಧರ್ಮ ಬಿಡದೆ ಕೊನೆಯವನು ನಿಲ್ಲಿಸಿದ ಜಾಗದಿಂದಲೇ ಶುರುಮಾಡಿ, ಗಂಡನನ್ನು ಕೆರೆಗೆ ತಳ್ಳಿದ್ದು ವಿಧವೆಯೇ ಎಂದು ಹೇಳಿ, ಕತೆ ಮುಗಿಸಿತು.

ಆರ್ಡಿಸ್ ಇಯರ್‌ಫೋನ್ ಕಳಚಿ, ತಂತಿಯನ್ನು ನಿಧಾನವಾಗಿ ಸುತ್ತಿದರು.

"ತಪ್ಪು ಚೀಟಿ ಅಂಟಿಸ್ದೆ, ಇರ್ಲಿ. ದೇವರ ಮುಂದೇನೇ ಕದ್ದೆ, ಅದೂ ಇರ್ಲಿ. ಕೊನೆ ಯಾಕಪ್ಪಾ ಹೇಳ್ದೆ?"

ಪ್ಲೇಯರ್‌ಗಳು ಲೈಬ್ರರಿಯಲ್ಲೇ ಉಳಿಯಲಿ ಎಂಬುದಕ್ಕೆ ಎಲ್ಲ ಕೈಗಳೂ ಎದ್ದವು. ಅವನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಹುಡುಕಬೇಕು ಎಂಬುದಕ್ಕೂ ಅಷ್ಟೇ ಕೈಗಳು.

ಹೊರಗೆ ಮೆಟ್ಟಿಲ ಮೇಲೆ ಕೋಟು ತೊಡುತ್ತಿದ್ದ ವೆಂಡೆಲ್‌ನ ಹತ್ತಿರ ಆರ್ಡಿಸ್ ಒಂದು ಗಳಿಗೆ ನಿಂತರು.

"ಆ ಜೇನಿಂದು ಕೇಳಿದೀಯಾ?"

"ಇಲ್ಲ, ಮಿಸೆಸ್ ಹೌಗನ್."

"ಕೇಳ್ಬೇಡ," ಎಂದು ಹೇಳಿ ಅವರು ಕಾರು ಹತ್ತಿದರು.