ಸಸಿಯಣ್ಣನ ಎಕ್ಸಾಸ್ಟ್ ಬ್ರೇಕು

ಸಸಿಯಣ್ಣ ಆ ದಿನ ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಎದ್ದು, ಪಿಕಪ್ಪಿನ ಮುಂಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಪಕ್ಕದ ಮನೆಗೆ ಕೇಳುವ ಹಾಗೆ, "ಈ ಬ್ರೇಕು ಕುದುರೇನ ತಡ್ಕೊಳ್ಳುತ್ತಾ?" ಎಂದುಬಿಟ್ಟ.

ಅವನು ಬೆಟ್ಟದ ಮೇಲಿನ ಊರಲ್ಲಿ ಹೂಗಿಡದ ನರ್ಸರಿ ಇಟ್ಟವನು, ಹಾಗಾಗಿ ಬೀದಿಗೆಲ್ಲ ಸಸಿಯಣ್ಣ. ಅವನ ಅಕ್ಕ ಅದೇ ಊರಲ್ಲಿ ಕುದುರೆ ಸವಾರಿ ಕಲಿಸುತ್ತಿದ್ದವಳು, ಮಂಡಿನೋವಿಗೆ ಬೇಸತ್ತು ಬೆಟ್ಟದ ಬುಡದಲ್ಲಿ ಮನೆ ಮಾಡಿದ್ದಳು. ಸಾಮಾನೆಲ್ಲ ಇಳಿದಾಗಿತ್ತು. ಉಳಿದದ್ದು ನರ್ಸರಿಯ ಹಿಂದೆ ಕಟ್ಟಿದ್ದ ಒಂದು ಮುದಿ ಕುದುರೆ. ಅದನ್ನು ಟ್ರೈಲರಿಗೆ ಹತ್ತಿಸಿ, ಟ್ರೈಲರನ್ನು ಪಿಕಪ್ಪಿಗೆ ಸಿಕ್ಕಿಸಿ ಇವತ್ತು ತಲುಪಿಸಬೇಕಿತ್ತು. ಹಿಂದಿನ ಸಲ ಅಕ್ಕನ ಬೀರು, ಮಂಚ ಒಯ್ದಾಗ ಕೊನೆಯ ತಿರುವುಗಳ ಹೊತ್ತಿಗೆ ಚಕ್ರದಿಂದ ಹೊಗೆ ಬಂದು, ಬ್ರೇಕಿನ ಪೆಡಲು ಹಳೇ ದಿಂಬಿನ ಹಾಗೆ ಮೆತ್ತಗಾಗಿತ್ತು. ಬೀರುವಿಗೆ ಏಟಾಗಿದ್ದರೆ ಅಕ್ಕ ಬೈದು ಸುಮ್ಮನಾಗುತ್ತಿದ್ದಳು. ಕುದುರೆಯ ಮಾತು ಬೇರೆ. "ನಿನಗೆ ಪೆಟ್ಟಾದ್ರೆ ವಾಸಿಯಾಗುತ್ತೆ ಕಣೋ, ಅವನಿಗೆ ವಯಸ್ಸಾಗಿದೆ" ಎಂದು ಫೋನಿನಲ್ಲಿ ಎಚ್ಚರಿಸಿದ್ದಳು.

ಪಕ್ಕದ ಕಾಂಪೌಂಡಿನ ಮೇಲೆ ಒಂದು ಮಫ್ಲರ್ ಕಾಣಿಸಿತು. ಅದರೊಳಗೆ ಡ್ರೈವರ್ ಮಾಮ ಇದ್ದರು. ಇಡೀ ಆಯುಸ್ಸು ಬಸ್ಸು ಓಡಿಸಿ ನಿವೃತ್ತರಾದವರು. ಈಗ ಓಡಿಸಲು ಬಸ್ಸಿಲ್ಲದೆ ಬೀದಿಯವರನ್ನು ಓಡಿಸುತ್ತಿದ್ದರು.

ಕಾಲಿನ ಬ್ರೇಕು ನಂಬಿ ಇಳಿಜಾರು ಇಳಿಯುವವನು ಮನೆಗೆ ಹೇಳಿ ಹೊರಡಬೇಕು ಎಂದು ಶುರುಮಾಡಿದರು ಮಾಮ. ಡೀಸೆಲ್ ಗಾಡಿಗೆ ಬೇಕಾದದ್ದು ಎಕ್ಸಾಸ್ಟ್ ಬ್ರೇಕು. ಹೊಗೆ ಹೋಗುವ ಕೊಳವೆಗೆ ಒಂದು ತಟ್ಟೆ ಕೂರಿಸುವುದು, ಆಕ್ಸಿಲರೇಟರಿನಿಂದ ಕಾಲೆತ್ತಿದರೆ ತಟ್ಟೆ ಮುಚ್ಚಿಕೊಳ್ಳುತ್ತದೆ, ಹೊಗೆಗೆ ದಾರಿಯಿಲ್ಲದೆ ಇಂಜಿನ್ನೇ ಉಸಿರು ಬಿಗಿಹಿಡಿದು ಗಾಡಿಯನ್ನು ತಡೆಯುತ್ತದೆ. ಇದನ್ನು ತೋರಿಸಲು ಅವರು ತಮ್ಮ ಮೂಗು ಬಾಯಿ ಮುಚ್ಚಿಕೊಂಡು ಕೆಂಪಗಾದರು.

ಅಷ್ಟರಲ್ಲಿ ಸಸಿಯಣ್ಣನ ಬಾಮೈದ ಫೋನು ಹಿಡಿದು ಒಳಗಿಂದ ಬಂದ. ತಟ್ಟೆಯ ಕಾಲ ಹೋಯಿತು, ಈಗೆಲ್ಲ ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದೊಳಗಿನ ರೆಕ್ಕೆಗಳೇ ಮುಚ್ಚಿಕೊಂಡು ಅದೇ ಕೆಲಸ ಮಾಡುತ್ತವೆ, ಒಂದು ಗುಂಡಿ ಒತ್ತಿದರೆ ಸಾಕು ಎಂದ. ಸಸಿಯಣ್ಣನ ಪಿಕಪ್ಪಿನ ಟರ್ಬೋದಲ್ಲಿ ಅಂಥ ರೆಕ್ಕೆ ಇರಲಿಲ್ಲ. ಹಾಗಾದರೆ ಟರ್ಬೋನೇ ಬದಲಾಯಿಸು ಭಾವ, ಎಂದ ಬಾಮೈದ, ಅಂಗಿ ಬದಲಾಯಿಸು ಎನ್ನುವಷ್ಟು ಸಲೀಸಾಗಿ. ಎದುರುಮನೆಯ ಟೀಚರಮ್ಮ ಗೇಟಿನಲ್ಲೇ ನಿಂತು, ತಮ್ಮ ಯಜಮಾನರು ಯಾವ ಬ್ರೇಕೂ ಹಾಕಿಸದೆ ಎರಡನೇ ಗೇರಿನಲ್ಲೇ ಇಳಿಯುತ್ತಿದ್ದರು ಎಂದರು. ಈಗ ಅವರೆಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮೂವರೂ ಸಸಿಯಣ್ಣನನ್ನು ಗ್ಯಾರೇಜಿಗೆ ಹೊರಡಿಸಿದರು, ಮಾಮ ಜೊತೆಗೇ ಗಾಡಿ ಹತ್ತಿದರು. ಗ್ಯಾರೇಜಿನ ಮೇಸ್ತ್ರಿ ಗಾಡಿಯ ಕೆಳಗಿಂದಲೇ ಎಲ್ಲ ಕೇಳಿಸಿಕೊಂಡು, ದೊಡ್ಡ ಲಾರಿಗಳಿಗೆ ಇಂಜಿನ್ನಿನೊಳಗೇ ಹಾಕುವ ಇನ್ನೊಂದು ಬಗೆಯ ಬ್ರೇಕಿದೆ, ಅದರ ಸದ್ದಿಗೆ ಕುದುರೆ ಟ್ರೈಲರ್ ಬಿಟ್ಟು ಓಡೀತು, ತಟ್ಟೆಯೇ ಸಾಕು ಎಂದ. ಡ್ರೈವರ್ ಮಾಮ ಚುನಾವಣೆ ಗೆದ್ದವರ ಹಾಗೆ ಸುತ್ತ ನೋಡಿದರು. ತಟ್ಟೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಸಿಯಣ್ಣ ಊಟ ಮಾಡಿರಲಿಲ್ಲ. ಮೇಸ್ತ್ರಿಯ ಸ್ಪ್ಯಾನರಿಗಿಂತ ಮಾಮನ ನಾಲಿಗೆಯೇ ಹೆಚ್ಚು ತಿರುಗಿತ್ತು.

ಮನೆಗೆ ಬಂದವನೇ, ಕುದುರೇನ ಹತ್ತಿಸಿ ಬಾಗಿಲು ಹಾಕು ಎಂದು ಬಾಮೈದನಿಗೆ ಹೇಳಿ, ಸಸಿಯಣ್ಣ ಅಡುಗೆಮನೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗಿದ. ಹೊರಗೆ ಬಂದಾಗ ಟ್ರೈಲರಿನ ಬಾಗಿಲು ಭದ್ರವಾಗಿತ್ತು. ಬಾಮೈದ ಎಲ್ಲ ಸರಿಯಿದೆ ಎಂದು ಹೆಬ್ಬೆರಳು ತೋರಿಸಿದ. ಡ್ರೈವರ್ ಮಾಮ ಎಲ್ಲೂ ಕಾಣಲಿಲ್ಲ. ಆ ದಿನ ಸಸಿಯಣ್ಣನಿಗೆ ಆದ ಮೊದಲ ಸಂತೋಷ ಅದು.

ಇಳಿಜಾರು ಶುರುವಾಯಿತು. ಕಾಲೆತ್ತಿದ ಕೂಡಲೇ ಪಿಕಪ್ಪು ಗೊರ್ ಎಂದು ಗಂಟಲು ಬಿಗಿದು, ಯಾರೋ ಹಿಂದಿನಿಂದ ಸೊಂಟ ಹಿಡಿದುಕೊಂಡ ಹಾಗೆ ನಿಧಾನವಾಯಿತು. ಕುದುರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಗಾಡಿ ಇಳಿಯುತ್ತಿತ್ತು. ಆದರೂ ಅಭ್ಯಾಸಬಲ, ಮೊದಲ ತಿರುವಿನಲ್ಲಿ ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ದಡ್ ಎಂದು ಸದ್ದು. ಕುದುರೆ ಒದೆಯಿತೆಂದು ಗಾಬರಿಯಾಗಿ ಕಾಲು ತೆಗೆದ. ಸದ್ದು ನಿಂತಿತು. ಮುಂದಿನ ತಿರುವಿನಲ್ಲೂ ಹಾಗೇ ಆಯಿತು. ಗೇರು ಇಳಿಸಲು ತಡಮಾಡಿದಾಗ ಒಟ್ಟೊಟ್ಟಿಗೆ ಎರಡು ಸಲ ದಡದಡ. ಮುದಿ ಕುದುರೆಗೆ ಇಷ್ಟೊಂದು ತಿಳಿವಳಿಕೆ ಇದೆಯೆಂದು ಸಸಿಯಣ್ಣ ಅಂದುಕೊಂಡಿರಲಿಲ್ಲ. ಅದರ ಮನಸ್ಸು ನೋಯಿಸಬಾರದೆಂದು ಬೆವರುತ್ತ, ಬ್ರೇಕು ಮುಟ್ಟದೆ, ಗೇರಿನಲ್ಲೇ ಇಳಿಸಿದ. ಹಿಂದೆ ಸಾಲುಗಟ್ಟಿದ ಕಾರಿನವರು ಹಾರನ್ನಿನಲ್ಲೇ ಅವನ ವಂಶವನ್ನೆಲ್ಲ ವಿಚಾರಿಸಿಕೊಂಡರು.

ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಚಕ್ರ ಮುಟ್ಟಿ ನೋಡಿದ. ತಣ್ಣಗಿತ್ತು. ದಾರಿಯಲ್ಲಿ ಕೊಡು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದ ಕ್ಯಾರೆಟ್ಟನ್ನು ಟ್ರೈಲರಿನ ಪಕ್ಕದ ಎತ್ತರದ ಕಿಂಡಿಯಲ್ಲಿ ತೂರಿಸಿದ. ಒಳಗಿಂದ ಅದನ್ನು ಮೆಲ್ಲಗೆ ಎಳೆದುಕೊಂಡದ್ದು ಗೊತ್ತಾಯಿತು. ಸಸಿಯಣ್ಣನ ಎದೆ ತುಂಬಿಬಂತು. ತಗಡಿಗೆ ಹಣೆ ಆನಿಸಿ ನಿಂತು, ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿದ್ದುದನ್ನೆಲ್ಲ ಹೊರಹಾಕಿದ.

"ನೀನೊಬ್ಬನೇ ಕಣಪ್ಪ, ಬಾಯಿ ಬಿಟ್ಟು ಬುದ್ಧಿ ಹೇಳದೆ ಇರೋನು. ಆ ಡ್ರೈವರ್ ಮಾಮನ ಗಂಟಲಿಗೂ ಒಂದು ತಟ್ಟೆ ಕೂರಿಸ್ಬೇಕಿತ್ತು. ಆ ಮನುಷ್ಯ ರಿಟೈರಾದ ಅಂತ ಪ್ರಯಾಣಿಕರೆಲ್ಲ ಸಿಹಿ ಹಂಚಿರ್ಬೇಕು."

ಒಳಗಿಂದ ಒಂದು ದೀರ್ಘ ಉಸಿರು ಕೇಳಿಸಿತು. ಅರ್ಥಮಾಡಿಕೊಳ್ಳುವ ಜೀವ ಎಂದು ಸಸಿಯಣ್ಣ ಕಣ್ಣೊರೆಸಿಕೊಂಡ.

ಬೆಟ್ಟದ ಬುಡ ತಲುಪಿದಾಗ ಸಂಜೆ ಬಿಸಿಲಿತ್ತು. ಅಕ್ಕ ಬಕೆಟ್ಟಿನಲ್ಲಿ ನೀರು ಹಿಡಿದು, ನೋಯುವ ಮಂಡಿಯಲ್ಲೇ ಗೇಟಿನವರೆಗೆ ಬಂದಿದ್ದಳು. ಒಂದು ಹೊಗೆಯಿಲ್ಲ, ವಾಸನೆಯಿಲ್ಲ, ನಿನ್ನ ಕುದುರೆಯನ್ನು ಹೂವಿನ ಹಾಗೆ ತಂದಿದ್ದೇನೆ ಎಂದು ಸಸಿಯಣ್ಣ ಎದೆಯುಬ್ಬಿಸಿ ಟ್ರೈಲರಿನ ಬಾಗಿಲು ಇಳಿಸಿದ.

ಒಳಗಿಂದ ಡ್ರೈವರ್ ಮಾಮ ಇಳಿದರು. ಮಫ್ಲರಿನ ತುಂಬ ಹುಲ್ಲು, ಕೈಯಲ್ಲಿ ಅರ್ಧ ಕ್ಯಾರೆಟ್ಟು.

"ಬ್ರೇಕು ಪರವಾಗಿಲ್ಲ," ಎಂದರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಓಡಿಸೋನದ್ದೇ ಸ್ವಲ್ಪ ತೊಂದರೆ. ಗೋಡೆ ಬಡಿದೂ ಬಡಿದೂ ಕೈ ಬಾತುಹೋಯ್ತು."

ಅಕ್ಕ ಅವರನ್ನು ನೋಡಿದಳು. ಅವರ ಬೆನ್ನ ಹಿಂದೆ ಕುದುರೆ ಇರಬಹುದೆಂದು ಬಗ್ಗಿ ಟ್ರೈಲರಿನೊಳಗೂ ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. ಸಸಿಯಣ್ಣನ ಬಾಯಿ ಟ್ರೈಲರಿನ ಬಾಗಿಲಿನ ಹಾಗೆಯೇ ಕೆಳಗೆ ಇಳಿದು ನಿಂತಿತ್ತು.

ಮಾಮ ಸಮಾಧಾನವಾಗಿ ವಿವರಿಸಿದರು. ಹೊಸ ಬ್ರೇಕು ಕೂರಿಸಿ ಪರೀಕ್ಷೆ ಮಾಡದೆ ಜೀವವಿರುವ ಪ್ರಾಣಿಯನ್ನು ಇಳಿಜಾರಿಗೆ ಒಯ್ಯುವುದುಂಟೇ? ಹತ್ತಿಸಿದ್ದ ಕುದುರೆಯನ್ನು ಅವರೇ ಇಳಿಸಿ ನರ್ಸರಿಯ ಹಿಂದೆ ಮತ್ತೆ ಕಟ್ಟಿದರಂತೆ, ಬಾಮೈದನೂ ಒಪ್ಪಿದನಂತೆ. ಹಿಂದೆ ಯಾರು ಕೂತಿದ್ದಾರೆಂದು ತಿಳಿದರೆ ಓಡಿಸುವವನು ನಾಟಕ ಮಾಡುತ್ತಾನೆ, ಅದಕ್ಕೇ ಹೇಳಲಿಲ್ಲವಂತೆ. ದಾರಿಯಲ್ಲಿ ಕೇಳಿದ ಮಾತುಗಳ ಬಗ್ಗೆ ಅವರು ಏನೂ ಅನ್ನಲಿಲ್ಲ. ಸಸಿಯಣ್ಣನಿಗೆ ಅದೇ ಎಲ್ಲಕ್ಕಿಂತ ಭಾರವಾಯಿತು.

"ಕತ್ತಲಾಗೋದ್ರೊಳಗೆ ಅವನನ್ನ ಕರ್ಕೊಂಡು ಬಾ," ಎಂದಷ್ಟೇ ಹೇಳಿ, ಅಕ್ಕ ಬಕೆಟ್ಟು ಅಲ್ಲೇ ಇಟ್ಟು ಒಳಗೆ ಹೋದಳು.

ಸಸಿಯಣ್ಣ ಬಾಗಿಲು ಮುಚ್ಚಿ, ಗಾಡಿ ತಿರುಗಿಸಿದ. ಮಾಮ ಈ ಸಲ ಮುಂದೆಯೇ ಹತ್ತಿ, ಅವನ ಪಕ್ಕದಲ್ಲಿ ಆರಾಮಾಗಿ ಕೂತು, ಉಳಿದ ಕ್ಯಾರೆಟ್ಟು ಬಾಯಿಗೆ ಹಾಕಿಕೊಂಡರು. ಬೆಟ್ಟದ ರಸ್ತೆ ಮುಂದೆ ಸುತ್ತಿಕೊಂಡು ಸುತ್ತಿಕೊಂಡು ಮೇಲೇರಿತ್ತು.

"ಹತ್ತುವಾಗ ಬ್ರೇಕಿಗೆ ಕೆಲಸವಿಲ್ಲ," ಎಂದರು ಮಾಮ ಅಗಿಯುತ್ತ. "ಈಗ ನಿನ್ನ ಕ್ಲಚ್ಚಿನ ವಿಷಯಕ್ಕೆ ಬರೋಣ."