ನಿದ್ರಾಸುರನ ದ್ವಿವಚನ

ಮಲ್ಲಿಕ್‌ನ ಜೆರಾಕ್ಸ್ ಯಂತ್ರದ ಮುಚ್ಚಳದಡಿ ಒಂದು ಹಾಳೆ ಪ್ರತಿಯಾಗದೆ ಸಿಕ್ಕಿಹಾಕಿಕೊಂಡು ಉಳಿದುಬಿಟ್ಟದ್ದೇ ಎಲ್ಲಕ್ಕೂ ಮೂಲ. ಅದು ಅರವತ್ತೆರಡು ಪುಟಗಳ ಚಿತ್ರಕತೆಯೊಂದರ ಹದಿನಾಲ್ಕನೆಯ ಪುಟ. ಬರೆದವನು ವಾದಿರಾಜ.

ವಾದಿರಾಜ ಶಿವಮೊಗ್ಗದ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ವಯಸ್ಸು ಮೂವತ್ತೊಂಬತ್ತು. ಚಿಕ್ಕಂದಿನಲ್ಲಿ ಕಾಮಿಕ್ಸ್ ಓದುತ್ತಾ ಊಟ ಮರೆಯುತ್ತಿದ್ದವನು ಕಾಲೇಜಿನಲ್ಲಿ ಸಿನಿಮಾ ನೋಡುತ್ತಾ ಪರೀಕ್ಷೆ ಮರೆತ. ಮದುವೆಯಾದ ಮೇಲೆ ಟೀವಿ ನೋಡುತ್ತಾ, ಹೆಂಡತಿ ಸೀತಾ ಏನು ತರಲು ಹೇಳಿದ್ದಳೆಂಬುದನ್ನು ಮರೆಯತೊಡಗಿದ. ಹನ್ನೊಂದು ವರ್ಷದಿಂದ ಚಿತ್ರಕತೆ ಬರೆಯುತ್ತಿದ್ದ. ಬರೆಯುವುದೆಂದರೆ ಎಲ್ಲರ ಹಾಗಲ್ಲ. ಚೌಕ ಚೌಕವಾಗಿ ಚಿತ್ರ ಬಿಡಿಸಿ, ಪಾತ್ರಗಳ ಬಾಯಿಂದ ಗುಳ್ಳೆ ಹೊರಡಿಸಿ, ಗುಳ್ಳೆಯೊಳಗೆ ಮಾತು ತುಂಬುವುದು. ಕಳಿಸಿದ ಕಡೆಯಿಂದೆಲ್ಲ ಒಂದು ಸಾಲು ಉತ್ತರವೂ ಬಂದಿರಲಿಲ್ಲ. ಅಂಥವನಿಗೆ ಭದ್ರಾವತಿ ನ್ಯೂ ಟೌನಿನ ಉಜ್ಜನಪ್ಪ ಯಾರಿಂದಲೋ ಹೆಸರು ಕೇಳಿ ತಾವಾಗಿಯೇ ಫೋನ್ ಮಾಡಿದ್ದರು. ಅವರು ಜಲ್ಲಿ ಕ್ರಷರ್ ಮಾಲೀಕರು, ಸಿನಿಮಾ ತೆಗೆಯಬೇಕೆಂದು ಹೊರಟಿದ್ದರು. ಬುಧವಾರ ಹನ್ನೆರಡು ಗಂಟೆಗೆ ಬಂದು ಕತೆ ಹೇಳಿ ಎಂದಿದ್ದರು.

ಬುಧವಾರ ಬೆಳಿಗ್ಗೆ ಸೀತಾ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ವಾದಿರಾಜ ಕೊನೆಯ ಸಲ ಪುಟ ಎಣಿಸಿದ. ಹದಿಮೂರಾದ ಮೇಲೆ ಹದಿನೈದು ಬಂತು. ಹಿಂದಿನ ಸಂಜೆ ಮಾಡಿಸಿದ ಮೂರು ಪ್ರತಿಗಳಲ್ಲೂ ಹಾಗೆಯೇ.

ಹದಿನಾಲ್ಕನೆಯ ಪುಟ ಕಳೆದದ್ದಕ್ಕಿಂತ, ಅದು ಯಾರಿಗೆ ಸಿಕ್ಕಿತು ಎನ್ನುವುದೇ ದೊಡ್ಡ ಭಯ. ಕತೆಯ ನಾಯಕ ಸೈರನ್‌ವೀರ, ಭದ್ರಾವತಿಯ ಲೇತ್ ಕೆಲಸಗಾರ. ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ ಸಿಡಿಲು ಬಡಿದು ಆ ಸೈರನ್ನಿನ ಶಕ್ತಿ ಅವನ ಗಂಟಲಿಗೆ ಇಳಿದಿದೆ. ಜೊತೆಗೆ ತಂಗಿ ಮಿಂಚು. ಇವರಿಬ್ಬರಿಗೆ ಎದುರಾಗುವ ಖಳನೇ ನಿದ್ರಾಸುರ. ಸಂಸ್ಕೃತದಲ್ಲಿ ನಾಲ್ಕು ಮಾತಾಡಿ ಊರಿಗೆ ಊರನ್ನೇ ಮಲಗಿಸಿ ಲೂಟಿ ಮಾಡುವವನು. ಈ ಖಳನನ್ನು ವಾದಿರಾಜ ಕಲ್ಪಿಸಿಕೊಂಡಿರಲಿಲ್ಲ, ಕೆಳಗಿನ ಮನೆಯಿಂದ ಹಾಗೇ ಎತ್ತಿಕೊಂಡಿದ್ದ.

ಕೆಳಗಿನ ಮನೆಯಲ್ಲಿದ್ದವರು ಮನೆ ಮಾಲೀಕರಾದ ಗಣಪಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂರು ವರ್ಷ ವಾದಿರಾಜನಿಗೆ ಸಂಸ್ಕೃತ ಕಲಿಸಿದವರು. ಆ ಮೂರು ವರ್ಷದಲ್ಲಿ ಅವರ ತರಗತಿಯ ಕೊನೆಯ ಅರ್ಧ ಗಂಟೆಯನ್ನು ಎಚ್ಚರದಲ್ಲಿ ಕಂಡ ವಿದ್ಯಾರ್ಥಿ ಒಬ್ಬನೂ ಇರಲಿಲ್ಲ. ಅವರ ಹುಬ್ಬುಗಳು ಎದುರುಬದುರು ಕುಳಿತ ಎರಡು ಅಳಿಲುಗಳಂತಿದ್ದವು. ವಾದಿರಾಜ ಆ ಹುಬ್ಬನ್ನೂ ಕನ್ನಡಕವನ್ನೂ ಇದ್ದ ಹಾಗೆ ಬಿಡಿಸಿ, ತಲೆಗೆ ಎರಡು ಕೊಂಬು ಮಾತ್ರ ಸೇರಿಸಿದ್ದ.

ಅವನು ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಗೆ ಓಡಿದ. ಮಲ್ಲಿಕ್ ಆಗಷ್ಟೇ ಬಾಗಿಲು ತೆಗೆಯುತ್ತಿದ್ದ. ಹಾಳೆಯೇನೋ ಸಿಕ್ಕಿತ್ತು, ನಿನ್ನೆ ನಿಮ್ಮ ಹಿಂದೆಯೇ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದ ಶೇಷಮ್ಮ ಅದನ್ನು ನೋಡಿ, ನಮ್ಮ ಬೀದಿಯವರದೇ ಫೋಟೋ ಎಂದು ತೆಗೆದುಕೊಂಡು ಹೋದರು ಎಂದ. ಶೇಷಮ್ಮ ಎದುರುಮನೆಯವರು. ಅವರ ಕೈಗೆ ಸಿಕ್ಕಿದ ಯಾವ ವಸ್ತುವೂ ಐದು ನಿಮಿಷದ ಮೇಲೆ ಅವರಲ್ಲಿ ಉಳಿದಿದ್ದಿಲ್ಲ.

ವಾದಿರಾಜ ಮನೆಗೆ ಬಂದಾಗ ಗಣಪಯ್ಯ ಮೇಷ್ಟ್ರು ಜಗಲಿಯ ಮೇಲೆ ಹಾಳೆ ಹಿಡಿದು ಕುಳಿತಿದ್ದರು. ಕೈಯಲ್ಲಿ ಕೆಂಪು ಪೆನ್ನು. ಪಕ್ಕದಲ್ಲಿ ಶೇಷಮ್ಮ, ಸಿನಿಮಾದ ಇಂಟರ್‌ವಲ್ ಮುಗಿಯುವುದನ್ನು ಕಾಯುವವರ ಹಾಗೆ. ಇವತ್ತೇ ಮನೆ ಖಾಲಿ ಮಾಡಬೇಕಾಗಬಹುದು ಎಂದುಕೊಂಡು ವಾದಿರಾಜ ಮೆಟ್ಟಿಲ ಬಳಿ ನಿಂತ.

"ಇದು ನಾನೇ ತಾನೆ?" ಎಂದರು ಮೇಷ್ಟ್ರು.

"ಸುಮ್ನೆ ಕಲ್ಪನೆ ಮೇಷ್ಟ್ರೇ..."

"ಕೊಂಬು ಇರ್ಲಿ ಮಾರಾಯ, ಅದಕ್ಕೆ ನಾನೇನೂ ಅನ್ನಲ್ಲ. ಎದುರಿಗೆ ನಿಂತಿರೋರು ಎಷ್ಟು ಜನ?"

"ಇಬ್ರು. ಅಣ್ಣ, ತಂಗಿ."

"ಇಬ್ಬರಿಗೆ 'ಮಲಗಿ' ಅಂತ ಹೇಳೋವಾಗ 'ಸ್ವಪಿತ' ಅಂತ ಬಹುವಚನ ಹಾಕಿದ್ದೀಯಲ್ಲ. 'ಸ್ವಪಿತಮ್' ಅಲ್ವಾ? ದ್ವಿವಚನ ಎಲ್ಲಿ ಹೋಯ್ತು? ನನ್ನ ಮುಖ ಇಟ್ಟು ಈ ತಪ್ಪು ಮಾತಾಡ್ಸಿದ್ರೆ, ನನ್ನ ಹತ್ರ ಓದಿದೋರು ಏನಂತಾರೆ?"

ವಾದಿರಾಜ, ಅರವತ್ತೆರಡು ಪುಟವನ್ನೂ ಇವತ್ತೇ ಭದ್ರಾವತಿಗೆ ಒಯ್ಯಬೇಕು, ತಿದ್ದಿಕೊಳ್ಳುತ್ತೇನೆ ಎಂದು ಹಾಳೆಗೆ ಕೈ ಚಾಚಿದ. ಮೇಷ್ಟ್ರು ಕೊಡಲಿಲ್ಲ. ಒಂದೇ ಪುಟದಲ್ಲಿ ಇಷ್ಟು ತಪ್ಪಿದ್ದರೆ ಉಳಿದ ಅರವತ್ತೊಂದರಲ್ಲಿ ಏನೇನಿದೆಯೋ, ತಾನೂ ಭದ್ರಾವತಿಗೆ ಬಂದು ದಾರಿಯಲ್ಲಿ ತಿದ್ದಿಕೊಡುತ್ತೇನೆ ಎಂದು ಶಲ್ಯ ಹೊದ್ದು ಎದ್ದರು. ಬೇಡವೆನ್ನಲು ವಾದಿರಾಜನಿಗೆ ಧೈರ್ಯವಿರಲಿಲ್ಲ. ಬಾಡಿಗೆದಾರನೂ ಹಳೆಯ ವಿದ್ಯಾರ್ಥಿಯೂ ಒಬ್ಬನೇ ಆಗಿಬಿಟ್ಟರೆ ಅಂಥವನಿಗೆ ಬಾಯಿ ಇರುವುದಿಲ್ಲ. ಶೇಷಮ್ಮ, ಇಡೀ ಬೀದಿಯಲ್ಲಿ ಮೇಷ್ಟ್ರ ಮುಖ ಮಾತ್ರ ಕಣ್ಣಿಗೆ ಬಿತ್ತೇ, ಮೂವತ್ತು ವರ್ಷದಿಂದ ಎದುರಿಗಿರುವ ನಾವು ಕಾಣಲಿಲ್ಲವೇ ಎಂದು ಒಂದಿಷ್ಟು ಹೊತ್ತು ಬೇಜಾರು ಮಾಡಿಕೊಂಡರು. ಆಮೇಲೆ ನಿದ್ರಾಸುರನಿಗೂ ಒಬ್ಬ ತಾಯಿ ಇರಲೇಬೇಕಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಹತ್ತೂವರೆಯ ಖಾಸಗಿ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಚಿತ್ರಕತೆಯ ಮೂಲ, ಮೂರು ಪ್ರತಿ ಎಲ್ಲವನ್ನೂ ಹಾಕಿದ್ದ ಜವಳಿ ಅಂಗಡಿಯ ಕೈಚೀಲವನ್ನು ವಾದಿರಾಜ ಕಾಲ ಬಳಿ ಇಟ್ಟುಕೊಂಡ. ಬಸ್ಸು ಊರು ದಾಟುವ ಹೊತ್ತಿಗೆ ಮೇಷ್ಟ್ರು ದ್ವಿವಚನದ ಅಗತ್ಯವನ್ನು ವಿವರಿಸಲು ಶುರುಮಾಡಿದರು. ಅವರ ದನಿ ಜೋರಲ್ಲ. ದೂರದಲ್ಲಿ ಯಾರೋ ಹಿಟ್ಟಿನ ಗಿರಣಿ ಓಡಿಸುತ್ತಿರುವ ಹಾಗೆ ಒಂದೇ ಸಮ. ಮೊದಲು ಶೇಷಮ್ಮನ ತಲೆ ಕಿಟಕಿಗೆ ಒರಗಿತು. ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಒಬ್ಬರ ಮೇಲೊಬ್ಬರು ವಾಲಿದರು. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಅಲ್ಲೇ ಕಂಬ ಹಿಡಿದು ನಿಂತವನು ನಿಂತಂತೆಯೇ ಕಣ್ಣು ಮುಚ್ಚಿದ. ವಾದಿರಾಜ ತೊಡೆ ಚಿವುಟಿಕೊಂಡ. ಎರಡನೆಯ ಸಲ ಚಿವುಟಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಡ್ರೈವರನ ತಲೆಯ ಮೇಲೆ ಸ್ಪೀಕರೊಂದು ಕಿರುಚುತ್ತಿದ್ದುದರಿಂದ ಅವನೊಬ್ಬ ಎಚ್ಚರವಾಗಿದ್ದ. ಇಲ್ಲದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಎಲ್ಲರಿಗೂ ಎಚ್ಚರವಾದದ್ದು ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ. ಮಾಚೇನಹಳ್ಳಿಯಲ್ಲಿ ಇಳಿಯಬೇಕಾದವರು ಏಳು ಜನ ಕಂಡಕ್ಟರನನ್ನು ಸುತ್ತುವರಿದರು. ಕಂಡಕ್ಟರ್, ತನಗೆ ಹದಿನೆಂಟು ವರ್ಷದ ಸರ್ವಿಸ್ಸಿನಲ್ಲಿ ಹೀಗಾದದ್ದು ಇದೇ ಮೊದಲು, ಬಸ್ಸಿಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ನಿಂಬೆಹಣ್ಣು ತರಲು ಹೋದ. ಮೇಷ್ಟ್ರು ಮಾತ್ರ ಏನೂ ಗಮನಿಸದೆ ತೃತೀಯಾ ವಿಭಕ್ತಿಗೆ ಬಂದಿದ್ದರು.

ವಾದಿರಾಜ ಕಾಲ ಬಳಿಯ ಚೀಲವನ್ನೆತ್ತಿದ. ಭಾರ ಬೇರೆಯಾಗಿತ್ತು. ತೆರೆದು ನೋಡಿದರೆ ಒಂದು ಕುಕ್ಕರಿನ ಮುಚ್ಚಳ, ಎರಡು ಹಾಗಲಕಾಯಿ. ಅದೇ ಜವಳಿ ಅಂಗಡಿಯ ಅಂಥದೇ ಚೀಲ. ನಿದ್ದೆಗಣ್ಣಿನಲ್ಲಿ ಇಳಿದು ಹೋದ ಯಾರೋ ಸೈರನ್‌ವೀರನನ್ನು ಅಡುಗೆಮನೆಗೆ ಒಯ್ದಿದ್ದರು. ವಾದಿರಾಜ ಸ್ಟ್ಯಾಂಡಿನ ಎರಡೂ ಗೇಟಿಗೆ ಓಡಿ, ಕಂಡ ಕಂಡ ಚೀಲಗಳನ್ನೆಲ್ಲ ಇಣುಕಿ, ಒಬ್ಬ ಹೆಂಗಸಿನಿಂದ ಬೈಸಿಕೊಂಡು ಹಿಂತಿರುಗಿದ. ಅವನ ಕಣ್ಣಲ್ಲಿ ನೀರಿತ್ತು.

"ಅಳ್ಬೇಡ ಮಾರಾಯ," ಎಂದರು ಮೇಷ್ಟ್ರು. "ಹದಿನಾಲ್ಕನೇ ಪುಟ ನನ್ನ ಹತ್ರ ಇದೆ. ಅದೊಂದೇ ಈಗ ತಪ್ಪಿಲ್ದೆ ಇರೋದು."

ಆಟೋ ಹಿಡಿದು ನ್ಯೂ ಟೌನ್ ತಲುಪಿದಾಗ ಹನ್ನೆರಡೂಕಾಲು. ಉಜ್ಜನಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಎತ್ತರದ ಆಳು, ಕಣ್ಣುಗಳು ಮೆಣಸಿನಕಾಯಿ ಉಜ್ಜಿಕೊಂಡಂತೆ ಕೆಂಪು. ದಿನಕ್ಕೆ ನಾಲ್ಕು ಸಿನಿಮಾ, ಎರಡು ಧಾರಾವಾಹಿ ನೋಡುತ್ತೇನೆಂದು ಅವರು ಹೇಳಿದಾಗ ವಾದಿರಾಜನಿಗೆ ತನ್ನ ಸ್ವಂತ ಅಣ್ಣನನ್ನು ಕಂಡಂತಾಯಿತು. ಹಾಳೆಗಳಿಲ್ಲ, ಬಾಯಲ್ಲೇ ಹೇಳುತ್ತೇನೆ ಎಂದು ಬೇಡಿಕೊಂಡ. ಅವರು ಒಪ್ಪಿದರು.

ಅವತ್ತು ವಾದಿರಾಜ ಹೇಳಿದ ಹಾಗೆ ಜನ್ಮದಲ್ಲಿ ಕತೆ ಹೇಳಿರಲಿಲ್ಲ. ಚಿತ್ರವಿಲ್ಲದ್ದರಿಂದ ತಾನೇ ಚಿತ್ರವಾದ. ಸಿಡಿಲಾಗಿ ಸೋಫಾದ ಮೇಲೆ ಬಿದ್ದ, ಸೈರನ್ನಾಗಿ ಕೂಗಿದ. ಆ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಉಜ್ಜನಪ್ಪ ಕುರ್ಚಿಯ ಅಂಚಿಗೆ ಬಂದು ಕುಳಿತು, "ಆಮೇಲೆ?" "ಅವ್ನ ತಂಗಿ ಸಿಕ್ಕಿದ್ಲಾ?" ಎಂದು ಕೇಳುತ್ತಲೇ ಇದ್ದರು, ಒಮ್ಮೆಯೂ ಆಕಳಿಸಲಿಲ್ಲ. ಹನ್ನೊಂದು ವರ್ಷದಲ್ಲಿ "ಆಮೇಲೆ?" ಎಂದು ಅವನನ್ನು ಕೇಳಿದ ಮೊದಲ ಮನುಷ್ಯ ಅವರು.

ಕತೆ ಮುಗಿದಾಗ ಉಜ್ಜನಪ್ಪ ಎದ್ದು ಅವನ ಭುಜ ತಟ್ಟಿದರು. "ದಸರಾಕ್ಕೆ ಶೂಟಿಂಗ್ ಶುರು ಮಾಡ್ಬಿಡಣ ವಾದಿರಾಜ್ರೇ. ಒಂದೇ ಒಂದು ನಂಗೆ ತಲೆಗೆ ಹೋಗ್ಲಿಲ್ಲ ನೋಡಿ. ಆ ನಿದ್ರಾಸುರ ಬರೀ ಮಾತಲ್ಲೇ ಮಲಗಿಸ್ತಾನೆ ಅಂದ್ರಲ್ಲ, ಅದನ್ನ ಜನ ನಂಬ್ತಾರಾ?"

ನಂಬುತ್ತಾರೆ ಬಿಡಿ ಸಾರ್ ಎಂದು ವಾದಿರಾಜ ಹೇಳುವಷ್ಟರಲ್ಲಿ ಗಣಪಯ್ಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡಿದ್ದರು. ಶಲ್ಯ ಸರಿಸಿ, ಹದಿನಾಲ್ಕನೆಯ ಪುಟ ಎದುರಿಗೆ ಹಿಡಿದು, ಮಲಗು ಎಂಬ ಅರ್ಥದ ಧಾತುವಿನ ಆಜ್ಞಾರ್ಥ ರೂಪಗಳನ್ನು ಕ್ರಮವಾಗಿ ಹೇಳತೊಡಗಿದರು. "ಸ್ವಪಿತು, ಸ್ವಪಿತಾಮ್, ಸ್ವಪಂತು. ಸ್ವಪಿಹಿ, ಸ್ವಪಿತಮ್, ಸ್ವಪಿತ..."

ಉತ್ತಮ ಪುರುಷ ಬರುವ ಮೊದಲೇ ಉಜ್ಜನಪ್ಪನವರ ಗದ್ದ ಎದೆಗೆ ತಾಗಿತ್ತು. ಶೇಷಮ್ಮ ಬಸ್ಸಿನಲ್ಲಿ ಬಿಟ್ಟಲ್ಲಿಂದ ಮುಂದುವರಿಸಿದರು. ವಾದಿರಾಜ ಈ ಸಲ ಕಿವಿಗೆ ಬೆರಳಿಟ್ಟುಕೊಂಡಿದ್ದರಿಂದ ಬಚಾವಾದ. ಉಜ್ಜನಪ್ಪನವರ ಗೊರಕೆ, ಅವರದೇ ಕ್ರಷರಿಗೆ ದೊಡ್ಡ ಬಂಡೆ ಬಿದ್ದಂತೆ ಏರತೊಡಗಿತು. ಎಬ್ಬಿಸೋಣವೆಂದು ವಾದಿರಾಜ ಕೈ ಚಾಚಿದಾಗ ಅಡುಗೆಮನೆಯಿಂದ ಅವರ ಹೆಂಡತಿ ಕಲ್ಲಮ್ಮ ಕಾಫಿ ತಟ್ಟೆಯೊಂದಿಗೆ ಬಂದರು. ಗಂಡನನ್ನು ನೋಡಿದರು. ತಟ್ಟೆಯನ್ನು ಸದ್ದಿಲ್ಲದೆ ನೆಲಕ್ಕಿಟ್ಟು, ವಾದಿರಾಜನ ಕೈ ಹಿಡಿದು ಹಿಂದಕ್ಕೆಳೆದರು. ಉಸಿರೂ ಬಿಡಬೇಡಿ ಎನ್ನುವ ಹಾಗೆ ತುಟಿಗೆ ಬೆರಳಿಟ್ಟು, ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿದರು.

ಅಲ್ಲಿಂದ ಐದು ಗಂಟೆ ಆ ಮನೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಕಲ್ಲಮ್ಮ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಆರಿಸಿ, ಕುಕ್ಕರ್ ಇಡದೆ, ಮೂವರಿಗೂ ಅವಲಕ್ಕಿ ಕೊಟ್ಟರು. ಅವಲಕ್ಕಿಯನ್ನೂ ಸದ್ದಾಗದಂತೆ ನೆನೆಸಿಯೇ ಕೊಟ್ಟಿದ್ದರು. ವಾದಿರಾಜನಿಗೆ ಬೇಸರವೇನೂ ಆಗಲಿಲ್ಲ. ನಿರ್ಮಾಪಕನನ್ನು ಖಳ ಖುದ್ದಾಗಿ ಬೀಳಿಸಿದ ಚಿತ್ರಕತೆ ಜಗತ್ತಿನಲ್ಲಿ ಇನ್ನೊಂದಿರಲಾರದು. ಪೋಸ್ಟರಿನಲ್ಲಿ ತನ್ನ ಹೆಸರು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಅವನು ಯೋಚಿಸುತ್ತಾ ಕುಳಿತ.

ಆರು ಗಂಟೆಗೆ ಉಜ್ಜನಪ್ಪ ಕಣ್ಣು ಬಿಟ್ಟರು. ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಸುತ್ತ ನೋಡಿ, ಮಗುವಿನ ಹಾಗೆ ನಕ್ಕು, ಬಿಸಿ ಅನ್ನ ಸಾರು ಕೇಳಿದರು. ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಂಡು ಕೈ ತೊಳೆದು ಬಂದ ಮೇಲೆ ವಾದಿರಾಜ ಮೆಲ್ಲಗೆ, ದಸರಾಕ್ಕೆ ಎಂದಿರಲ್ಲ ಸಾರ್, ಸಿನಿಮಾ, ಎಂದು ನೆನಪಿಸಿದ.

"ಸಿನಿಮಾನಾ?" ಎಂದರು ಉಜ್ಜನಪ್ಪ. "ಅಯ್ಯೋ, ಎಂಟು ತಿಂಗಳಿಂದ ಕಣ್ಣಿಗೆ ನಿದ್ದೆ ಹತ್ತಿರ್ಲಿಲ್ಲ ವಾದಿರಾಜ್ರೇ. ಹೊತ್ತು ಹೋಗ್ತಿರ್ಲಿಲ್ಲ ಅಂತ ಟೀವಿ ಹಚ್ಕೊಂಡೆ, ಟೀವಿ ನೋಡಿ ನೋಡಿ ಸಿನಿಮಾ ತೆಗಿಯೋ ಹುಚ್ಚು ಹತ್ತಿತ್ತು. ಈಗ ಗುರುಗಳು ಸಿಕ್ಕಿದ್ರಲ್ಲ, ಇನ್ಯಾಕೆ ಅದು?"

ಅಲ್ಲಿಗೆ ಎಲ್ಲ ಬೇಗ ಬೇಗ ತೀರ್ಮಾನವಾಯಿತು. ವಾರಕ್ಕೆ ಮೂರು ದಿನ ಕಾರು ಬಂದು ಗಣಪಯ್ಯ ಮೇಷ್ಟ್ರನ್ನು ಕರೆತರುವುದು, ಅವರು ಉಜ್ಜನಪ್ಪನವರಿಗೆ ಊಟದ ಮೇಲೆ ವ್ಯಾಕರಣ ಹೇಳುವುದು. ರಿಟೈರಾದ ಮೇಲೆ ಮೊದಲ ಶಿಷ್ಯ ಸಿಕ್ಕಿದ ಸಂತೋಷಕ್ಕೆ ಮೇಷ್ಟ್ರ ಹುಬ್ಬಿನ ಅಳಿಲುಗಳು ಕುಣಿಯುತ್ತಿದ್ದವು. ಅವರನ್ನು ಒಬ್ಬರನ್ನೇ ಕಳಿಸಬಾರದೆಂದು ಶೇಷಮ್ಮ ಜೊತೆಗೆ ಬರಲು ಒಪ್ಪಿದರು. ವಾದಿರಾಜ, ತಾನೂ ಆ ದಿನಗಳಲ್ಲಿ ಬಂದು ಹೋಗುತ್ತೇನೆ, ಮನಸ್ಸಾದಾಗ ಇನ್ನೊಂದು ಕತೆ ಕೇಳಬಹುದು ಎಂದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಕಲ್ಲಮ್ಮ ಅವನನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ತಪ್ಪು ತಿಳ್ಕೋಬೇಡಿ. ನೀವು ಕತೆ ಹೇಳೋವಾಗ ನಾನು ಒಳಗಿಂದ ನೋಡ್ತಿದ್ದೆ. ಇವ್ರು ರೆಪ್ಪೆನೇ ಬಡಿಲಿಲ್ಲ. ನಂಗೇ ಒಗ್ಗರಣೆ ಸೀದಿದ್ದು ಗೊತ್ತಾಗ್ಲಿಲ್ಲ. ನಿಮ್ಮ ಕತೆ ಅಷ್ಟು ಚೆನ್ನಾಗಿದೆ. ಅದಕ್ಕೇ ಕೈ ಮುಗಿದು ಕೇಳ್ತೀನಿ, ಇನ್ಮೇಲೆ ಈ ಮನೆ ಕಡೆ ಬರ್ಬೇಡಿ."

ಕಾರು ಮೇಷ್ಟ್ರನ್ನೂ ಶೇಷಮ್ಮನನ್ನೂ ಹತ್ತಿಸಿಕೊಂಡು ಹೊರಟಿತು. ಮುಂದಿನ ಸೀಟು ಖಾಲಿಯಿತ್ತು. ಆದರೆ ಡ್ರೈವರು ಬೇಗ ಮಲಗುವ ಮನುಷ್ಯ, ನಿಮ್ಮ ಕತೆ ಕೇಳಿ ಅವನ ನಿದ್ದೆಯೂ ಕೆಟ್ಟೀತು ಎಂದು ಉಜ್ಜನಪ್ಪ ವಿನಯದಿಂದಲೇ ಕಾರಿನ ಬಾಗಿಲು ಹಾಕಿದ್ದರು. ವಾದಿರಾಜ ಬಸ್ಸಿನಲ್ಲಿ ಬಂದ. ದಾರಿಯುದ್ದಕ್ಕೂ ಪೂರ್ತಿ ಎಚ್ಚರವಾಗಿದ್ದ.

ಸೀತಾ ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತುರೀ? ಕತೆ ಕೇಳಿದ್ರಾ?"

"ಕೇಳಿದ್ರು," ಎಂದ ವಾದಿರಾಜ, ಚಪ್ಪಲಿ ಬಿಡುತ್ತಾ. "ತುಂಬಾ ಚೆನ್ನಾಗಿದೆ, ಇನ್ನೊಂದ್ಸಲ ಬರ್ಬೇಡಿ ಅಂದ್ರು."