ಹನ್ನೊಂದು ಪದಗಳ ಪಂಡಿತ

ವಿಚಿಯನ್‌ಗೆ ತುರ್ತಾಗಿ ವರ್ಗಾವಣೆ ಬೇಕಾಗಿತ್ತು. ಹೆಂಡತಿ ಬುವಾ ಚಿಯಾಂಗ್ ರಾಯ್‌ನಲ್ಲಿ ಎಂಟು ತಿಂಗಳ ಬಸುರಿ; ಇವನು ಲೋಯಿ ಪ್ರಾಂತ್ಯದ ಸಣ್ಣ ಊರೊಂದರ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ನಡುವೆ, ವರ್ಗಾವಣೆಗೆ ಪಾಸಾಗಲೇಬೇಕಾದ ಇಂಗ್ಲಿಷ್ ಸಂದರ್ಶನ ಎಂಬ ಬೇಲಿ. ಇವನ ಇಂಗ್ಲಿಷ್ ಈವರೆಗೆ ಹಲೋ ದಾಟಿ ಮುಂದೆ ಹೋದದ್ದಿಲ್ಲ.

ಕಚೇರಿಯಲ್ಲಿ ಎಲ್ಲರ ಕಷ್ಟಕ್ಕೂ ಕೇಳದೆಯೇ ಮದ್ದು ಅರೆಯುವವಳು ಟೈಪಿಸ್ಟ್ ಲಮ್ದುವನ್. ಸಂದರ್ಶನದ ದಿನ ಬೆಳಿಗ್ಗೆ ಎಂಟಕ್ಕೇ ಅವಳು ನಿಘಂಟು ತೆರೆದು, ಗೊತ್ತಾಯಿತು ಎನ್ನುವುದಕ್ಕೆ ಹನ್ನೊಂದು ಪದ ಹೆಕ್ಕಿಕೊಟ್ಟಳು. ಅಂಡರ್‌ಸ್ಟ್ಯಾಂಡ್, ರಿಯಲೈಜ್, ಗ್ರಾಸ್ಪ್, ಕಾಂಪ್ರಹೆಂಡ್, ಹೀಗೆ.

“ಅವ್ರು ಏನೇ ಕೇಳ್ಲಿ, ಸರದಿ ಪ್ರಕಾರ ಒಂದೊಂದೇ ಬಿಡು ತಮ್ಮಾ. ಒಂದೇ ಪದ ಎರಡು ಸಲ ಬಂದ್ರೆ ಮಾತ್ರ ಸಿಕ್ಕಿಹಾಕ್ಕೊತೀಯ.”

“ಅರ್ಥ ಆಗ್ಲಿಲ್ಲ ಅಂತ ಹೇಳ್ಬಿಟ್ರೆ ಆಗಲ್ವಾ ಅಕ್ಕಾ?”

“ದೊಡ್ಡೋರಿಗೆ ಹಾಗಂದ್ರೆ, ನಿಮಗೆ ಹೇಳೋಕೆ ಬರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ. ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?”

ಕಲಿಸಿದ್ದಳು. ಆ ಊರಲ್ಲಿ ಎಲ್ಲರಿಗೂ ಅವರವರ ಅಮ್ಮಂದಿರು ಕಲಿಸಿದ್ದರು. ಹಾಗಾಗಿಯೇ ಆ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಕಾಲುವೆಗೆ ನೀರು ಮಾತ್ರ ಬರುತ್ತಿರಲಿಲ್ಲ.

ಹತ್ತು ಗಂಟೆಗೆ ಬ್ಯಾಂಕಾಕಿನಿಂದ ಪರೀಕ್ಷಕ ಪಿಯರ್ಸ್ ಬಂದರು. ಕೆಂಪು ಮುಖದ ಬಿಳಿಯರು. ಪಕ್ಕದಲ್ಲಿ ನಿರ್ದೇಶಕ ತವೀಪ್ ಸಾಹೇಬರು ಟೈ ಬಿಗಿದುಕೊಂಡು ಕೂತರು. ಉಳಿದವರೆಲ್ಲ ಕೆಲಸ ಬಿಟ್ಟು ಕಿಟಕಿಗೆ ಅಂಟಿಕೊಂಡರು.

ಪಿಯರ್ಸ್ ಏನೋ ದೀರ್ಘವಾಗಿ ಹೇಳಿದರು. ವಿಚಿಯನ್ ಅಂಡರ್‌ಸ್ಟ್ಯಾಂಡ್ ಬಿಟ್ಟ. ಅವರು ಇನ್ನೇನೋ ವಿವರಿಸಿದರು. ರಿಯಲೈಜ್ ಹೋಯಿತು. ತವೀಪ್ ಸಾಹೇಬರು ಪ್ರತಿ ಸಲವೂ ತಾವೇ ಹೇಳಿಕೊಟ್ಟವರಂತೆ ತಲೆಯಾಡಿಸುತ್ತಿದ್ದರು. ಪಿಯರ್ಸ್ ಮುಖ ಅರಳುತ್ತಾ ಹೋದಂತೆ ಇವನ ಚೀಲ ಬರಿದಾಗುತ್ತಾ ಬಂತು. ಹನ್ನೊಂದೂ ಮುಗಿದವು. ಅಷ್ಟರಲ್ಲಿ ಅವರು ಪೆನ್ನು ಎತ್ತಿ ಹನ್ನೆರಡನೆಯ ಪ್ರಶ್ನೆ ಕೇಳಿಯೇಬಿಟ್ಟರು.

ವಿಚಿಯನ್ ಬೆವರುತ್ತಾ ಕಿಟಕಿಯತ್ತ ನೋಡಿದ. ಲಮ್ದುವನ್ ಜೋರಾಗಿ ತಲೆಯಾಡಿಸಿದಳು.

“ಯೆಸ್,” ಅಂದ ವಿಚಿಯನ್.

ಪಿಯರ್ಸ್ ಕಾಗದಕ್ಕೆ ಸಹಿ ಹಾಕಿ, ಎದ್ದು ಕೈಕುಲುಕಿದರು. ಆಮೇಲೆ ಅಚ್ಚ ಥಾಯ್ ಭಾಷೆಯಲ್ಲಿ, ಅದೂ ಚಿಯಾಂಗ್ ರಾಯ್ ಕಡೆಯ ರಾಗದಲ್ಲಿ, ಮಾತಿಗಿಳಿದರು. ಅವರ ಹೆಂಡತಿಯ ತವರು ಅಲ್ಲಿಯೇ ಅಂತೆ.

“ಬೇಜಾರು ಮಾಡ್ಕೋಬೇಡಪ್ಪ, ಇಂಗ್ಲಿಷಲ್ಲೇ ಕೇಳ್ಬೇಕು ಅಂತ ನಿಯಮ. ಈ ಪ್ರಾಂತ್ಯದಲ್ಲಿ ಇಷ್ಟು ಇಂಗ್ಲಿಷ್ ಬರೋನು ನೀನೊಬ್ಬನೇ. ಇಲ್ಲೇ ಉಳಿದು ಮೂರು ವರ್ಷ ಎಲ್ಲರಿಗೂ ಇಂಗ್ಲಿಷ್ ಕಲಿಸ್ಬೇಕು, ವರ್ಗಾವಣೆ ರದ್ದಾಗುತ್ತೆ, ಒಪ್ಪಿಗೆಯಾ ಅಂದೆ. ಯೆಸ್ ಅಂದ್ಯಲ್ಲ, ದೊಡ್ಡ ಮನಸ್ಸು ನಿಂದು. ಎಲ್ಲಾ ಅರ್ಥ ಆಗಿತ್ತು ತಾನೇ?”

ಇಲ್ಲ ಎಂದರೆ ಹನ್ನೊಂದು ಸಲ ತಲೆಯಾಡಿಸಿದ ಸಾಹೇಬರ ಮಾನ ಹೋಗುತ್ತದೆ. ವಿಚಿಯನ್ ಅವರತ್ತ ನೋಡಿದ. ಅವರು ಸೂರಿನ ಫ್ಯಾನನ್ನು ಈವತ್ತೇ ಮೊದಲ ಸಲ ಕಂಡವರಂತೆ ದಿಟ್ಟಿಸುತ್ತಿದ್ದರು.

“ಆಗಿತ್ತು ಸರ್.”

ಸಂಜೆ ಬುವಾಗೆ ಫೋನು ಮಾಡಿ ಎಲ್ಲ ಹೇಳಿದ. ಅವಳು ಮೆಲ್ಲಗೆ ಕೇಳಿದಳು: “ಮಗು ಬರೋವಾಗ ನಾನೊಬ್ಬಳೇ ಇರ್ತೀನಿ. ಅದಾದ್ರೂ ನಿಮಗೆ ಅರ್ಥ ಆಗುತ್ತಾ?”

ಹನ್ನೊಂದರಲ್ಲಿ ಒಂದು ಪದವೂ ಅವನ ಬಾಯಿಗೆ ಬರಲಿಲ್ಲ.